ನಾಯಕರ ಜೀವನಚಿತ್ರ: ನಿರೀಕ್ಷೆ ಮತ್ತು ವಿವೇಕ

ದೊಡ್ಡವರೊಬ್ಬರ ಜೀವನವನ್ನು ಚಲಚ್ಚಿತ್ರವಾಗಿ ತೆಗೆಯುತ್ತಾರೆಂಬ ಸುದ್ದಿ ಹಬ್ಬಿತೆಂದರೆ ಸಾಕು, ಜನರಲ್ಲಿ ಒಂದು ಬಗೆಯ ತವಕ ಹುಟ್ಟುತ್ತದೆ. ಪಾತ್ರವನ್ನು ಯಾರು ವಹಿಸುವರು, ಆ ಮುಖಕ್ಕೂ ಈ ಮುಖಕ್ಕೂ ಹೋಲಿಕೆಯುಂಟೇ, ಯಾವ ಪ್ರಸಂಗವನ್ನು ಎತ್ತಿಕೊಳ್ಳುವರು, ಯಾವುದನ್ನು ಕೈಬಿಡುವರು ಎಂದು ಚಹದ ಅಂಗಡಿಯಿಂದ ಹಿಡಿದು ನಮ್ಮ ಕಾಲೇಜಿನ ಜಗಲಿಯವರೆಗೆ ಚರ್ಚೆ ನಡೆಯುತ್ತದೆ. ಕಟ್ಟುಕಥೆಯ ಚಿತ್ರವಾದರೆ ಕಥೆ ಏನೆಂದು ತಿಳಿಯುವ ಕುತೂಹಲ. ಇಲ್ಲಿಯಾದರೋ ಕಥೆ ಬಹುಮಟ್ಟಿಗೆ ಮೊದಲೇ ಗೊತ್ತು, ಅದನ್ನು ಹೇಗೆ ಹೇಳುವರೆಂಬುದೇ ಕುತೂಹಲ. ಈ ನಿರೀಕ್ಷೆಯ ಸ್ವರೂಪವೇನು, ಅದು ಈಡೇರಲು ಇಷ್ಟು ಕಾಲ ಏಕೆ ಹಿಡಿಯುತ್ತದೆ, ಈಡೇರಿದಾಗ ನಮ್ಮ ಕೈಗೆ ಬರುವ ಸತ್ಯ ಎಷ್ಟು ಎಂಬುದನ್ನು ಗಾಂಧೀಜಿ ಹಾಗೂ ಡಾ. ಅಂಬೇಡ್ಕರ್ ಅವರನ್ನು ಕುರಿತ ಚಿತ್ರಗಳ ನಿದರ್ಶನದಿಂದ ವಿವರಿಸಲು ಇಲ್ಲಿ ಯತ್ನಿಸಿದ್ದೇನೆ.

ಗಾಂಧೀಜಿಯವರ ಚಿತ್ರಕ್ಕಾಗಿ ಜಗತ್ತು ಕಾದದ್ದು ಒಂದೆರಡು ವರ್ಷವಲ್ಲ. ಅವರು ಬದುಕಿದ್ದಾಗಲೇ ತಮಿಳುನಾಡಿನ ಎ. ಕೆ. ಚೆಟ್ಟಿಯಾರರು ದೇಶವಿದೇಶಗಳಲ್ಲಿ ಚದರಿಹೋಗಿದ್ದ ಚಿತ್ರಸುರುಳಿಗಳನ್ನು ಕೂಡಿಸಿ ೧೯೪೦ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಹೊರತಂದಿದ್ದರು. ಆದರೆ ನಟರನ್ನಿಟ್ಟು ಕಥಾಚಿತ್ರ ಮಾಡುವ ಮಾತು ಬೇರೆ. ೧೯೫೦ರ ದಶಕದಲ್ಲಿ ಗೇಬ್ರಿಯಲ್ ಪಾಸ್ಕಲ್ ಎಂಬ ನಿರ್ದೇಶಕರು ಈ ವಿಷಯವಾಗಿ ಪಂಡಿತ ನೆಹರೂ ಅವರೊಡನೆ ಮಾತುಕತೆ ನಡೆಸಿದರು. ೧೯೫೪ರಲ್ಲಿ ಅವರು ತೀರಿಕೊಂಡು ಆ ಯತ್ನ ಅಲ್ಲಿಗೇ ನಿಂತಿತು. ಪ್ರಸಿದ್ಧ ನಿರ್ದೇಶಕ ಡೇವಿಡ್ ಲೀನ್ ಕೂಡ ಯೋಚಿಸಿ ಬಿಟ್ಟರು. ೧೯೬೨ರಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನ್ ಕಚೇರಿಯಲ್ಲಿ ನೌಕರರಾಗಿದ್ದ ಮೋತಿಲಾಲ್ ಕೊಠಾರಿ ಎಂಬವರು ರಿಚರ್ಡ್ ಅಟೆನ್‌ಬರೋ ಎಂಬ ಇಂಗ್ಲಿಷ್ ನಟನಿಗೆ ಲೂಯಿ ಫಿಷರ್ ಬರೆದ ಗಾಂಧಿ ಚರಿತ್ರೆಯನ್ನು ಓದುವಂತೆ ಪ್ರೇರಣೆ ನೀಡಿದರು. ಆ ನಟ ಅಲ್ಲಿಯವರೆಗೆ ಒಂದು ಚಿತ್ರವನ್ನೂ ನಿರ್ದೇಶಿಸಿದವನಲ್ಲ. ಆದರೂ ಪುಸ್ತಕವನ್ನು ಓದಿ ಮುಗಿಸಿದ ಮೇಲೆ ಈ ಚಿತ್ರವನ್ನು ತಾನೇ ತೆಗೆಯಬೇಕೆಂದು ಸಂಕಲ್ಪಿಸಿದ.

ಸಂಕಲ್ಪದಿಂದ ಚಿತ್ರದವರೆಗೆ ಇಪ್ಪತ್ತು ವರ್ಷ ಹಿಡಿಯಿತು. ೧೯೬೩ರಲ್ಲಿ ಮೌಂಟ್‌ಬ್ಯಾಟನ್ನರ ಮೂಲಕ ನೆಹರೂ ಅವರ ಭೇಟಿಯಾಯಿತು. ಗಾಂಧೀಜಿಯವರನ್ನು ದೇವರನ್ನಾಗಿ ಮಾಡಬೇಡಿ ಎಂಬುದೇ ಅಂದು ನೆಹರೂ ಕೊಟ್ಟ ಸಲಹೆಯೆಂದು ಅಟೆನ್‌ಬರೋ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಮರುವರ್ಷ, ೧೯೬೪ರ ಮೇ ತಿಂಗಳಲ್ಲಿ, ನೆಹರೂ ನಿಧನರಾದರು. ೧೯೭೦ರಲ್ಲಿ, ಈ ಬೀಜವನ್ನು ಬಿತ್ತಿದ್ದ ಕೊಠಾರಿಯವರೂ ಹೋದರು. ಹಣ ಹಾಕುವವರು ಸಿಕ್ಕಲಿಲ್ಲ. ಮೈಮೇಲೆ ಒಂದು ತುಂಡು ಬಟ್ಟೆ ಉಟ್ಟು ಕೈಯಲ್ಲಿ ಕೋಲು ಹಿಡಿದ ಮುದುಕನ ಕಥೆಗೆ ದುಡ್ಡು ಕೊಟ್ಟು ಬರುವವರು ಯಾರೆಂಬ ಶಂಕೆ ವಿದೇಶೀ ಕಂಪನಿಗಳಿಗೆ. ಕಡೆಗೆ ಇಂದಿರಾ ಗಾಂಧಿಯವರ ಸರ್ಕಾರ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಮೂಲಕ ಬಂಡವಾಳದ ಒಂದು ಭಾಗವನ್ನು ಒದಗಿಸಿತು. ಬಡದೇಶದ ಹಣವನ್ನು ವಿದೇಶೀಯನ ಚಿತ್ರಕ್ಕೆ ಸುರಿಯುವುದೇ ಎಂಬ ಆಕ್ಷೇಪಣೆಯೂ ಆಗ ಕೇಳಿಬಂತು. ೧೯೮೦ರ ನವೆಂಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ೧೯೮೧ರ ಜನವರಿ ೩೧ರಂದು, ಗಾಂಧೀಜಿಯವರ ಅಂತ್ಯಯಾತ್ರೆ ನಡೆದು ಸರಿಯಾಗಿ ೩೩ ವರ್ಷ ತುಂಬಿದ ದಿನ, ದೆಹಲಿಯ ರಾಜಪಥದಲ್ಲಿ ಸುಮಾರು ೩ ಲಕ್ಷ ಜನರನ್ನು ಸೇರಿಸಿ ಆ ದೃಶ್ಯವನ್ನು ತೆಗೆದರು. ೧೯೮೨ರ ನವೆಂಬರ್ ೩೦ರಂದು ಚಿತ್ರ ಹೊಸದೆಹಲಿಯಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ಮರುವರ್ಷ ಅದಕ್ಕೆ ೮ ಆಸ್ಕರ್ ಪ್ರಶಸ್ತಿಗಳು ಸಂದವು. ಅವುಗಳಲ್ಲಿ ವಸ್ತ್ರವಿನ್ಯಾಸದ ಪ್ರಶಸ್ತಿಯಲ್ಲಿ ಪಾಲು ಪಡೆದ ಭಾನು ಅಥೈಯಾ ಆಸ್ಕರ್ ಪಡೆದ ಮೊದಲ ಭಾರತೀಯರಾದರು.

ಇನ್ನು ಚಿತ್ರಕಥೆಯ ಕಷ್ಟವನ್ನು ನೋಡೋಣ. 'ಗಾಂಧಿ' ಚಿತ್ರದ ಅವಧಿ ೧೯೧ ನಿಮಿಷ. ಅದು ಹತ್ಯೆಯ ದೃಶ್ಯದಿಂದ ತೊಡಗಿ, ಹಿಂದಕ್ಕೆ ೧೮೯೩ರ ದಕ್ಷಿಣ ಆಫ್ರಿಕದ ರೈಲಿಗೆ ಹೋಗಿ, ಅಲ್ಲಿಂದ ೧೯೪೮ರವರೆಗೆ ಬರುತ್ತದೆ. ಲೆಕ್ಕ ಹಾಕಿದರೆ ೫೫ ವರ್ಷಗಳಿಗೆ ವರ್ಷವೊಂದಕ್ಕೆ ಮೂರೂವರೆ ನಿಮಿಷವೂ ತುಂಬ ಸಿಕ್ಕುವುದಿಲ್ಲ. ಆದ್ದರಿಂದ ಬಿಡುವುದು ಅನಿವಾರ್ಯ. ಒಂದು ಜೀವನವನ್ನು ಒಂದೇ ಸಲದ ಕಥನದಲ್ಲಿ ಪೂರ್ತಿ ಹಿಡಿಯಲಾಗದೆಂಬ ಅರ್ಥದ ಮಾತನ್ನು ಆ ಚಿತ್ರ ತನ್ನ ಆರಂಭದಲ್ಲಿಯೇ ಹೇಳಿಕೊಳ್ಳುತ್ತದೆ. ಪ್ರಾಮಾಣಿಕವಾದ ಮಾತು.

ಆದರೆ ಬಿಡುವುದರಲ್ಲಿಯೂ ಎರಡು ಬಗೆಯುಂಟು. ೧೯೨೪ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಚಿತ್ರದಲ್ಲಿ ಅದಿಲ್ಲ. ಕನ್ನಡಿಗನಾದ ನನಗೆ ಕೊಂಚ ನಿರಾಶೆಯಾಯಿತಾದರೂ, ಅದನ್ನು ಬಿಟ್ಟದ್ದರಿಂದ ಗಾಂಧೀಜಿಯವರ ಚಿತ್ರ ಕೆಡಲಿಲ್ಲ. ಆದರೆ ಅದೇ ಚಿತ್ರದಲ್ಲಿ ಡಾ. ಅಂಬೇಡ್ಕರ್ ಅವರೂ ಇಲ್ಲ. ೧೯೩೨ರ ಸೆಪ್ಟೆಂಬರಿನ ಯರವಡಾ ಉಪವಾಸವೂ, ಅದರ ಫಲವಾದ ಪೂನಾ ಒಪ್ಪಂದವೂ ಇಲ್ಲ. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂದು ಒಬ್ಬರು, ಕೂಡದೆಂದು ಇನ್ನೊಬ್ಬರು ನಿಂತ ಆ ಗಳಿಗೆ ನಮ್ಮ ದೇಶದ ಚರಿತ್ರೆಯಲ್ಲಿ ಸಾಮಾನ್ಯವಾದುದಲ್ಲ. ಇಂದಿನ ಮೀಸಲು ಕ್ಷೇತ್ರಗಳ ಬೇರು ಅಲ್ಲಿದೆ. ಗಾಂಧೀಜಿಯವರಿಗೆ ಎದುರು ನಿಂತು ವಾದಿಸಿದ, ಆ ವಾದದಲ್ಲಿ ನ್ಯಾಯವೂ ಇದ್ದ ಒಬ್ಬ ದೇಶೀಯ ಪ್ರತಿವಾದಿಯನ್ನು ತೆಗೆದುಬಿಟ್ಟರೆ, ಉಳಿಯುವ ಗಾಂಧೀಜಿ ಬೇರೆ ಮನುಷ್ಯರಾಗುತ್ತಾರೆ. ಮೊದಲನೆಯದು ಸಂಕ್ಷೇಪ, ಎರಡನೆಯದು ಚಿತ್ರದ ಚಹರೆಯನ್ನೇ ಬದಲಿಸುವ ಲೋಪ. ಜೀವನಚಿತ್ರವನ್ನು ನೋಡುವವನು ಈ ಎರಡರ ಭೇದವನ್ನು ಅರಿತಿರಬೇಕು.

ಬಿಟ್ಟುಹೋದವರ ಕಡೆಯವರು ತಮ್ಮದೇ ಚಿತ್ರಕ್ಕಾಗಿ ಕಾಯಬೇಕಾಯಿತು. ಜಬ್ಬಾರ್ ಪಟೇಲರು ನಿರ್ದೇಶಿಸಿದ 'ಡಾ. ಬಾಬಾಸಾಹೇಬ್ ಅಂಬೇಡ್ಕರ್' ಚಿತ್ರಕ್ಕೆ ಕೇಂದ್ರ ಸರ್ಕಾರವೂ ಮಹಾರಾಷ್ಟ್ರ ಸರ್ಕಾರವೂ ನೆರವು ಕೊಟ್ಟವು. ಮಲಯಾಳದ ಮಮ್ಮೂಟ್ಟಿಯವರು ಮುಖ್ಯಪಾತ್ರ ವಹಿಸಿ ಆ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಇಂಗ್ಲಿಷಿನಲ್ಲಿ ತಯಾರಾದ ಆ ಚಿತ್ರ ತೆರೆಕಂಡದ್ದು ೨೦೦೦ದಲ್ಲಿ, ಎಂದರೆ ಬಾಬಾಸಾಹೇಬರು ತೀರಿಕೊಂಡ ೪೪ ವರ್ಷಗಳ ತರುವಾಯ. ಅಷ್ಟಾದರೂ ಕಾಯುವುದು ಮುಗಿಯಲಿಲ್ಲ. ತಮಿಳಿಗೆ ಮಾತು ಕೂಡಿಸಿದ ಪ್ರತಿ ತಮಿಳುನಾಡಿನ ಜನರಿಗೆ ಮುಟ್ಟಲು ಮದ್ರಾಸ್ ಹೈಕೋರ್ಟಿನವರೆಗೆ ವ್ಯಾಜ್ಯ ಹೋಗಬೇಕಾಯಿತು. ೨೦೧೦ರಲ್ಲಿ ಅದು ಅಲ್ಲಿ ತೆರೆಕಂಡಿತು. ಚಿತ್ರ ತಯಾರಾಗುವುದು ಒಂದು, ಯಾರಿಗಾಗಿ ತಯಾರಾಯಿತೋ ಅವರ ಭಾಷೆಯಲ್ಲಿ ಅವರ ಊರಿಗೆ ಬರುವುದು ಇನ್ನೊಂದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕನ್ನಡ ನಾಡಿನಲ್ಲಿ ಈ ತವಕವನ್ನು ನನ್ನ ವಯಸ್ಸಿನವರು ಕಣ್ಣಾರೆ ಕಂಡದ್ದು ೨೦೨೦ರಲ್ಲಿ. ಮರಾಠಿಯಲ್ಲಿ ತಯಾರಾಗಿದ್ದ ಅಂಬೇಡ್ಕರ್ ಜೀವನದ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಿನಿಂದ ಕನ್ನಡದ ದೂರದರ್ಶನ ವಾಹಿನಿಯೊಂದರಲ್ಲಿ ಬರತೊಡಗಿತು. ಅನೇಕ ಊರುಗಳಲ್ಲಿ ಜನ ತಾವೇ ಚಂದಾ ಎತ್ತಿ ಅದರ ಫ್ಲೆಕ್ಸ್‌ಗಳನ್ನು ಕಟ್ಟಿಸಿದರು. ಚಿತ್ರನಟರಿಗೆ ಸಲ್ಲುತ್ತಿದ್ದ ಆ ಮರ್ಯಾದೆ ಸಂವಿಧಾನ ರಚಿಸಿದವರಿಗೆ ಸಂದಿತು. ನಾನು ಆಗ ಪ್ರೌಢಶಾಲೆಯಲ್ಲಿದ್ದೆ. ನಮ್ಮ ಮನೆತನದಲ್ಲಿ ಪದವಿ ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಅಪ್ಪನಿಗೆ ರುಜು ಹಾಕಲು ಬರುತ್ತದೆ, ಅಜ್ಜಿಗೆ ಅದೂ ಇಲ್ಲ. ಶನಿವಾರ ಭಾನುವಾರಗಳಲ್ಲಿ ಇಬ್ಬರೂ ಊಟ ಮುಗಿಸಿ ತಪ್ಪದೆ ಕುಳಿತು ನೋಡುತ್ತಿದ್ದರು. ಒಂದು ವಾರ ಕಂತು ಮುಗಿದೊಡನೆ ಅಪ್ಪ ಕೇಳಿದರು: "ಏನ್ಲಾ ಮಗ, ಇದೆಲ್ಲ ನಿಜವಾಗ್ಲೂ ನಡೆದದ್ದಾ, ಇಲ್ಲಾ ಆಟಕ್ಕೆ ಕಟ್ಟವ್ರಾ?"

ಈ ಲೇಖನದ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆಯೆಂದು ನನಗೆ ತೋರುತ್ತದೆ. ಓದು ಬಲ್ಲವರಿಗೆ ಜೀವನಚಿತ್ರವೆಂಬುದು ಓದಿದ ಮೇಲಿನ ಒಂದು ಒಗ್ಗರಣೆ. ಓದು ಬಾರದವರಿಗೆ ಅದೇ ಊಟ. ಅಪ್ಪನ ಮಟ್ಟಿಗೆ ತೆರೆಯ ಮೇಲೆ ಕಂಡದ್ದೇ ಅಂಬೇಡ್ಕರ್. ಅಲ್ಲಿ ಕಾಣದ್ದು ನಡೆಯಲೇ ಇಲ್ಲ. ಆದ್ದರಿಂದ ಚಿತ್ರ ತೆಗೆಯುವವರ ಹೊಣೆ ದೊಡ್ಡದು. ನಮ್ಮಂತಹವರ ಹೊಣೆಯೂ ಸಣ್ಣದಲ್ಲ, ಏಕೆಂದರೆ ಮನೆಯಲ್ಲಿ ಆ ಪ್ರಶ್ನೆ ಬಂದಾಗ ಉತ್ತರ ಹೇಳಬೇಕಾದವರು ನಾವು.

ಉತ್ತರ ಹೇಳುವ ಬಗೆ ಹೇಗೆ? ಒಂದು ನಿದರ್ಶನ ಕೊಡುತ್ತೇನೆ. ೧೯೦೧ರಲ್ಲಿ ಬಾಲಕ ಭೀಮರಾವ್ ಅಣ್ಣನೊಡನೆಯೂ ಅಕ್ಕನ ಮಗನೊಡನೆಯೂ ತಂದೆಯನ್ನು ಕಾಣಲು ಹೊರಟು ಮಸೂರು ನಿಲ್ದಾಣದಲ್ಲಿ ಇಳಿದರು. ಜಾತಿ ತಿಳಿದೊಡನೆ ಗಾಡಿಯವರು ಹಿಂದೆಗೆದರು. ಕಡೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಹುಡುಗರೇ ಗಾಡಿ ಹೊಡೆಯುವುದು, ಗಾಡಿಯವನು ಪಕ್ಕದಲ್ಲಿ ನಡೆಯುವುದು ಎಂದು ಒಪ್ಪಂದವಾಯಿತು. ಬುತ್ತಿ ಇದ್ದರೂ ಕುಡಿಯಲು ನೀರು ಹುಟ್ಟಲಿಲ್ಲ. ಇದು ಅವರೇ ತಮ್ಮ ಆತ್ಮವೃತ್ತಾಂತದ ಟಿಪ್ಪಣಿಗಳಲ್ಲಿ ಬರೆದಿಟ್ಟದ್ದು. ಆದ್ದರಿಂದ ಘಟನೆ ನಿಜ. ಆದರೆ ಚಿತ್ರದಲ್ಲಿ ಆ ಹುಡುಗರು ದಾರಿಯಲ್ಲಿ ಆಡುವ ಮಾತುಗಳನ್ನು ಸಂಭಾಷಣೆಕಾರ ಬರೆದಿರಬೇಕು. ಹಿನ್ನೆಲೆಯ ಸಂಗೀತ ಅಂದು ಇರಲಿಲ್ಲ. ಹೀಗೆ ಘಟನೆ ಯಾವುದು, ಮಾತು ಯಾರದು, ಬಿಟ್ಟದ್ದೇನು ಎಂದು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು, ಯಾವ ಜೀವನಚಿತ್ರವನ್ನಾದರೂ ಮೋಸಹೋಗದೆ ನೋಡಬಹುದು. ಅದರಿಂದ ಸಂತೋಷವೇನೂ ಕಡಿಮೆಯಾಗುವುದಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಸಾಮಗ್ರಿಗೇನೂ ಬರಗಾಲವಿಲ್ಲ. ಧನಂಜಯ ಕೀರರು ೧೯೫೪ರಲ್ಲಿ, ಅಂಬೇಡ್ಕರ್ ಅವರು ಬದುಕಿದ್ದಾಗಲೇ, ಅವರ ಚರಿತ್ರೆಯನ್ನು ಪ್ರಕಟಿಸಿದರು. ಬಾಬಾಸಾಹೇಬರ ಬರೆಹ ಮತ್ತು ಭಾಷಣಗಳ ಸಂಪುಟಗಳು ಕನ್ನಡದಲ್ಲಿಯೇ ದೊರೆಯುತ್ತವೆ. ಗಾಂಧೀಜಿಯವರ ಆತ್ಮಕಥೆಯೂ ಹಾಗೆಯೇ. ಹೊಸ ಚಿತ್ರವೊಂದು ಬರುವುದೆಂದು ತಿಳಿದ ದಿನದಿಂದ ಅದು ಬರುವ ದಿನದವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಕಾಲ ಇರುತ್ತದೆ. ಆ ಕಾಲವನ್ನು ಪಾತ್ರಧಾರಿಯ ಮೂಗಿನ ಚರ್ಚೆಯಲ್ಲಿಯೇ ಕಳೆಯದೆ ಒಂದು ಪುಸ್ತಕ ಮುಗಿಸಿದರೆ, ಕಾದದ್ದೂ ಸಾರ್ಥಕವಾದೀತು.

ಕೊನೆಯಲ್ಲಿ ನಮ್ಮ ಕಾಲೇಜಿನ ಚರಿತ್ರೆ ವಿಭಾಗದ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ಬಿನ್ನಹ. ಮುಂದಿನ ವರ್ಷ ಅಟೆನ್‌ಬರೋ ಅವರ 'ಗಾಂಧಿ'ಯನ್ನೂ ಜಬ್ಬಾರ್ ಪಟೇಲರ ಚಿತ್ರವನ್ನೂ ಒಂದೇ ವಾರದಲ್ಲಿ, ಒಂದರ ಮೇಲೊಂದರಂತೆ, ನಮ್ಮ ಸಭಾಂಗಣದಲ್ಲಿ ತೋರಿಸಬೇಕು. ಒಂದರಲ್ಲಿ ಬಿಟ್ಟ ೧೯೩೨ ಇನ್ನೊಂದರಲ್ಲಿ ಇದೆ; ಒಂದರ ನಾಯಕರು ಇನ್ನೊಂದರಲ್ಲಿ ಪ್ರತಿವಾದಿಗಳಾಗಿ ಬರುತ್ತಾರೆ. ಎರಡನ್ನೂ ನೋಡಿ ಚರ್ಚಿಸಿದರೆ, ತರಗತಿಯಲ್ಲಿ ಒಂದು ತಿಂಗಳು ಕೇಳಿದಷ್ಟು ತಿಳಿವಳಿಕೆ ಬಂದೀತು. ಚಿತ್ರಗಳು ಇಂಗ್ಲಿಷಿನಲ್ಲಿರುವುದರಿಂದ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸುವ ಕೆಲಸವನ್ನು ಅಂತಿಮ ವರ್ಷದ ವಿದ್ಯಾರ್ಥಿಗಳು ಹೊತ್ತುಕೊಳ್ಳಬಹುದು. ಆ ದಿನ ವಿದ್ಯಾರ್ಥಿಗಳ ತಂದೆತಾಯಿಗಳನ್ನೂ ಕರೆಯಬೇಕೆಂದು ನನ್ನ ಆಸೆ. ನಾನು ಅಷ್ಟುಹೊತ್ತಿಗೆ ಈ ಕಾಲೇಜಿನ ವಿದ್ಯಾರ್ಥಿಯಾಗಿ ಉಳಿದಿರುವುದಿಲ್ಲ. ಆದರೂ ಅಪ್ಪನನ್ನು ಕರೆದುಕೊಂಡು ಖಂಡಿತವಾಗಿ ಬರುತ್ತೇನೆ.