ಬಾಣದ ಗುರುತು ಯಾರಿಗಾಗಿ?

ಊರಿಗೊಂದು ಚಿಕಿತ್ಸಾಲಯ ಬೇಕೆಂದು ನಾವು ಕಟ್ಟಡ ಕಟ್ಟುತ್ತೇವೆ, ವೈದ್ಯರನ್ನು ಗೊತ್ತು ಮಾಡುತ್ತೇವೆ, ಔಷಧಿ ತರಿಸುತ್ತೇವೆ. ಫಲಕ ಬರೆಸುವ ಕೆಲಸ ಮಾತ್ರ ಉದ್ಘಾಟನೆಯ ಹಿಂದಿನ ದಿನಕ್ಕೆ ಉಳಿಯುತ್ತದೆ. ದಾನಿಗಳ ಹೆಸರು ಹೊತ್ತ ಅಮೃತಶಿಲೆ ಹೆಬ್ಬಾಗಿಲಲ್ಲಿ ಮಿರುಗುತ್ತಿರುತ್ತದೆ. ರಕ್ತಪರೀಕ್ಷೆಯ ಕೋಣೆ ಎಲ್ಲಿದೆಯೆಂದು ಯಾರನ್ನಾದರೂ ಕೇಳಿಯೇ ತಿಳಿಯಬೇಕು. ಕೇಳಲು ನಾಚುವ ತಾಯಿಯೊಬ್ಬಳು ತಪ್ಪು ಸಾಲಿನಲ್ಲಿ ನಿಂತು, ಅಷ್ಟರಲ್ಲಿ ಪ್ರಯೋಗಾಲಯದ ಬಾಗಿಲು ಮುಚ್ಚಿದರೆ, ಇನ್ನೊಂದು ದಿನದ ಕೂಲಿ ಹೋದಂತೆಯೇ.

ಅಮೆರಿಕದ ಆಸ್ಪತ್ರೆಗಳಲ್ಲಿ ಇಂಗ್ಲಿಷ್ ಬಾರದ ಸ್ಪ್ಯಾನಿಷ್ ಭಾಷಿಕರು ಪಡುತ್ತಿದ್ದ ಪಾಡನ್ನು ಕಂಡು 'ಆಬ್ಲಾಮೋಸ್ ಹುಂತೋಸ್' ಎಂಬ ಯೋಜನೆ ಹುಟ್ಟಿತು. 'ಜೊತೆಯಾಗಿ ಮಾತಾಡುತ್ತೇವೆ' ಎಂದು ಅದರ ಅರ್ಥ. 2005ರ ಹೊತ್ತಿಗೆ ಅದು ಆಸ್ಪತ್ರೆಗಳಿಗೆಂದೇ 28 ಚಿತ್ರಸಂಕೇತಗಳನ್ನು ಸಿದ್ಧಪಡಿಸಿತು; 2010ರಲ್ಲಿ ಇನ್ನಷ್ಟು ಸೇರಿದವು. ಚಿತ್ರಗಳನ್ನು ಬೇರೆ ಬೇರೆ ಭಾಷೆಯವರ ಮುಂದಿಟ್ಟು, ಅವರಿಗೆ ಅರ್ಥವಾಗುತ್ತದೆಯೇ ಎಂದು ನೋಡಿದ ಮೇಲೆಯೇ ಆರಿಸಿದರು. ನಾವು ಕಲಿಯಬೇಕಾದದ್ದು ಈ ಕ್ರಮವನ್ನು. ನಾವು 'ವಿಕಿರಣಶಾಸ್ತ್ರ ವಿಭಾಗ' ಎಂದು ಬರೆಸಿ ಹೆಮ್ಮೆಪಡುತ್ತೇವೆ. ಹುಡುಕಿಕೊಂಡು ಬಂದವರ ಬಾಯಲ್ಲಿ ಅದು ಬರೀ 'ಎಕ್ಸ್‌ರೇ'. ಜನ ಕರೆಯುವ ಹೆಸರೇ ಗೋಡೆಯ ಮೇಲಿರಲಿ, ಪಕ್ಕದಲ್ಲಿ ಚಿತ್ರವೂ ಇರಲಿ.

ಫಲಕ ಬೇಕಾದದ್ದು ದಾರಿ ಕವಲೊಡೆಯುವ ಕಡೆ, ಕಾಲು ಅನುಮಾನಿಸುವ ಜಾಗದಲ್ಲಿ. ಕನ್ನಡದ ಒತ್ತಕ್ಷರಗಳು ಕೆಳಗೆ ಕಿರಿದಾಗಿ ಬರುವುದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ, ಹಸಿರುಗಳ ಭೇದ ಮಸುಕಾಗುತ್ತದೆ. ಆದ್ದರಿಂದ "ನೀಲಿ ಗೆರೆ ಹಿಡಿದು ಹೋಗಿ" ಎಂದಷ್ಟೇ ಹೇಳಿದರೆ ಅಜ್ಜಿಗೆ ಸಾಲದು.

ಇನ್ನೊಂದು ಮಾತು. ಚಿಕಿತ್ಸಾಲಯವೆಂದರೆ ಬಿಳಿಯ ಮೇಲೆ ಕೆಂಪು ಶಿಲುಬೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆ ಲಾಂಛನ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನೂ ಅವರ ಆರೈಕೆಯವರನ್ನೂ ಕಾಯುವಂಥದ್ದು. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಂತೆ ಕೇಂದ್ರ ಸರಕಾರದ ಒಪ್ಪಿಗೆಯಿಲ್ಲದೆ ಅದನ್ನು ಬಳಸುವಂತಿಲ್ಲ. ಪ್ರಥಮ ಚಿಕಿತ್ಸೆಗೆ ಅಂತರರಾಷ್ಟ್ರೀಯ ಗುರುತು ಹಸಿರಿನ ಮೇಲೆ ಬಿಳಿ ಶಿಲುಬೆ.

ಎಲ್ಲವನ್ನೂ ದೊಡ್ಡಕ್ಷರದಲ್ಲಿ ಸಾರುವುದೂ ಸರಿಯಲ್ಲ. 'ಏಡ್ಸ್ ಪರೀಕ್ಷೆ' ಎಂಬ ಫಲಕದ ಕೆಳಗಿನ ಬೆಂಚಿನಲ್ಲಿ ಕುಳಿತವರನ್ನು ಇಡೀ ಊರು ನೋಡುತ್ತದೆ. ಆ ಭಯಕ್ಕೇ ಎಷ್ಟೋ ಮಂದಿ ಬಾಗಿಲ ತನಕ ಬಂದು ಹಿಂದಿರುಗುತ್ತಾರೆ. ಸೋಂಕಿತರ ವಿವರ ಗುಟ್ಟಾಗಿರಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಕ್ಷಯದ ಕೋಣೆಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಅಲ್ಲಿ ಎಲ್ಲ ಬಾಗಿಲುಗಳಂತೆ ಒಂದು ಸಂಖ್ಯೆ ಸಾಕು. ಹೆಸರು ನೋಂದಾಯಿಸುವವರು ಕೈಗೆ ಕೊಡುವ ಚೀಟಿಯಲ್ಲಿ '7ನೇ ಕೋಣೆ' ಎಂದು ಬರೆದುಕೊಟ್ಟರಾಯಿತು.