ಮೊದಲ ಸೂಜಿ ಯಾರಿಗೆ? ವೈರಸ್ ಬದಲಾದಂತೆ ಬದಲಾಗುವ ಉತ್ತರ

2021ರ ಮೇ 5ರಂದು ಕರ್ನಾಟಕದಲ್ಲಿ 50,112 ಹೊಸ ಕೋವಿಡ್ ಪ್ರಕರಣಗಳು ವರದಿಯಾದವು. ಆ ದಿನದ ಲೆಕ್ಕಕ್ಕೆ ಸೇರಿದ ಸಾವು 346. 2022ರ ಜನವರಿ 23ರಂದು ಹೊಸ ಪ್ರಕರಣಗಳು 50,210, ಸಾವು 19. ಎರಡು ದಿನಗಳ ನಡುವೆ ಒಂಬತ್ತು ತಿಂಗಳೂ ಕಳೆದಿರಲಿಲ್ಲ. ಸೋಂಕಿನ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇತ್ತು, ಸಾವಿನ ಸಂಖ್ಯೆ ಮಾತ್ರ ಹದಿನೆಂಟು ಪಟ್ಟು ಇಳಿದಿತ್ತು. ಸೋಂಕು ತಗುಲಿದ ಎರಡು ಮೂರು ವಾರಗಳ ನಂತರವೇ ಸಾವು ಲೆಕ್ಕಕ್ಕೆ ಬರುವುದರಿಂದ ಒಂದೊಂದು ದಿನದ ಅಂಕಿಯನ್ನೇ ಪೂರ್ತಿ ನಂಬಬಾರದು, ನಿಜ. ಆದರೆ ಎರಡನೇ ಅಲೆಯಲ್ಲಿ ಮುಂದಿನ ವಾರಗಳ ಸಾವು ದಿನಕ್ಕೆ ಆರುನೂರನ್ನು ದಾಟಿತು. ಮೂರನೇ ಅಲೆಯಲ್ಲಿ ಅದರ ಹತ್ತಿರಕ್ಕೂ ಹೋಗಲಿಲ್ಲ.

ಎರಡನೇ ಅಲೆ ಡೆಲ್ಟಾ ತಳಿಯದು, ಮೂರನೆಯದು ಓಮೈಕ್ರಾನ್ ತಳಿಯದು. ಹಾಗಾದರೆ ವ್ಯತ್ಯಾಸಕ್ಕೆ ವೈರಸ್ಸಿನ ಸ್ವಭಾವವಷ್ಟೇ ಕಾರಣವೇ? ಅಲ್ಲ. ಆ ಒಂಬತ್ತು ತಿಂಗಳಲ್ಲಿ ರಾಜ್ಯದ ವಯಸ್ಕರಲ್ಲಿ ಬಹುಪಾಲು ಜನ ಲಸಿಕೆ ಪಡೆದಿದ್ದರು, ಕೋಟ್ಯಂತರ ಜನರಿಗೆ ಸೋಂಕು ಬಂದು ಹೋಗಿತ್ತು. ಹೊಸ ತಳಿ, ಹಳೆಯ ಸೋಂಕು, ಲಸಿಕೆಯ ಸರದಿ ಈ ಮೂರೂ ಕೂಡಿ ಸಾಂಕ್ರಾಮಿಕದ ರೂಪವನ್ನು ನಿರ್ಧರಿಸುತ್ತವೆ. ಮೂರರಲ್ಲಿ ನಮ್ಮ ಕೈಯಲ್ಲಿರುವುದು ಕೊನೆಯದೊಂದೇ. ಅದನ್ನು ಹೇಗೆ ಬಳಸಬೇಕು ಎಂಬ ಪಾಠ ಬೆಂಗಳೂರಿನಷ್ಟೇ ಬಾಗಲಕೋಟೆ ತಾಲ್ಲೂಕಿನ ಶಿರೂರಿಗೂ ಬೇಕಾದದ್ದು.

ಲಸಿಕೆ ಇಲ್ಲದ ಕಾಲ

2020ರ ಮೇ ಮೊದಲ ವಾರ ಬಾದಾಮಿ ತಾಲ್ಲೂಕಿನ ಇನ್ನೊಂದು ಶಿರೂರು, ಅಂದರೆ ಢಾಣಕಶಿರೂರು, ರಾಜ್ಯದ ಸುದ್ದಿಯಾಯಿತು. ಒಂದೇ ದಿನ ಅಲ್ಲಿ 13 ಮಂದಿಗೆ ಸೋಂಕು ದೃಢಪಟ್ಟಿತ್ತು. ಆಗ ಲಸಿಕೆ ಇರಲಿಲ್ಲ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು, ಬೇರೆ ಇರಿಸುವುದು, ಊರನ್ನು ಸೀಲ್‌ಡೌನ್ ಮಾಡುವುದು, ಇಷ್ಟೇ ದಾರಿ. ಆ ದಾರಿ ಒಂದಷ್ಟು ಕೆಲಸ ಮಾಡಿದ್ದಕ್ಕೆ ಕಾರಣವೂ ವೈರಸ್ಸಿನಲ್ಲೇ ಇತ್ತು. ಮೂಲ ತಳಿಯ ಸೋಂಕು ತಗುಲಿ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ ಐದು ದಿನ ಬೇಕಿತ್ತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ವಿಚಾರಿಸಲು ಅಷ್ಟು ಸಮಯ ಸಿಗುತ್ತಿತ್ತು. ಡೆಲ್ಟಾ ಆ ಅವಧಿಯನ್ನು ಸುಮಾರು ನಾಲ್ಕು ದಿನಕ್ಕೆ, ಓಮೈಕ್ರಾನ್ ಮೂರು ದಿನದ ಆಸುಪಾಸಿಗೆ ಇಳಿಸಿತು. ಸಂಪರ್ಕಿತರ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಅವರಿಂದ ಇನ್ನೊಂದು ಸುತ್ತಿಗೆ ಸೋಂಕು ದಾಟಿರುತ್ತಿತ್ತು. ಹುಡುಕಿ ತಡೆಯುವ ಉಪಾಯ ಸೋತದ್ದು ಅಧಿಕಾರಿಗಳ ಅಸಡ್ಡೆಯಿಂದಷ್ಟೇ ಅಲ್ಲ, ವೈರಸ್ ವೇಗ ಹೆಚ್ಚಿಸಿಕೊಂಡದ್ದರಿಂದ ಕೂಡ.

ತಳಿ ಹುಟ್ಟುವ ಬಗೆ

ಕೊರೊನಾ ವೈರಸ್ಸಿನ ಆನುವಂಶಿಕ ಪಠ್ಯ ಸುಮಾರು 30,000 ಅಕ್ಷರಗಳ ಆರ್‌ಎನ್‌ಎ ಎಳೆ. ನಮ್ಮ ಜೀವಕೋಶದೊಳಗೆ ಹೊಕ್ಕ ವೈರಸ್ ಈ ಎಳೆಯನ್ನು ಮತ್ತೆ ಮತ್ತೆ ನಕಲು ಮಾಡಿಸುತ್ತದೆ. ಇಳಕಲ್ಲಿನ ನೇಕಾರರು ಎಳೆ ತಪ್ಪಿದ್ದು ಕಂಡರೆ ಅಲ್ಲೇ ಬಿಚ್ಚಿ ಸರಿಪಡಿಸುವಂತೆ, ಈ ವೈರಸ್ಸಿನ ಒಂದು ಕಿಣ್ವ ನಕಲಿನ ತಪ್ಪುಗಳನ್ನು ಹುಡುಕಿ ತಿದ್ದುತ್ತದೆ. ಇನ್‌ಫ್ಲುಯೆಂಜಾ ವೈರಸ್ಸಿಗೆ ಈ ಸೌಕರ್ಯವಿಲ್ಲ. ಆದರೂ ಕೆಲವು ತಪ್ಪುಗಳು ಕಣ್ತಪ್ಪಿ ಉಳಿಯುತ್ತವೆ. ಒಂದು ವಂಶಾವಳಿಯಲ್ಲಿ ತಿಂಗಳಿಗೆ ಸರಾಸರಿ ಎರಡು. ಅವುಗಳಲ್ಲಿ ಬಹುತೇಕ ನಿರುಪಯುಕ್ತ, ಕೆಲವು ವೈರಸ್ಸಿಗೇ ಮಾರಕ. ಎಲ್ಲೋ ಒಂದು ಮಾತ್ರ ಅದಕ್ಕೆ ಲಾಭ ತರುತ್ತದೆ.

ಲಾಭ ಎಂದರೆ ಎರಡು ಬಗೆ. ಒಂದು, ಜೀವಕೋಶವನ್ನು ಸುಲಭವಾಗಿ ಹೊಕ್ಕು ಬೇಗ ಹರಡುವುದು. ಇನ್ನೊಂದು, ಹಳೆಯ ಸೋಂಕು ಅಥವಾ ಲಸಿಕೆ ಹುಟ್ಟಿಸಿದ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳುವುದು. ಭಾರತದಲ್ಲಿ 2020ರ ಕೊನೆಯಲ್ಲಿ ಮೊದಲು ಪತ್ತೆಯಾದ ಡೆಲ್ಟಾ ತಳಿಯ ಹೊರಮೈಯ ಮುಳ್ಳು (ಸ್ಪೈಕ್) ಪ್ರೋಟೀನಿನಲ್ಲಿ ಎರಡಕ್ಕೂ ನೆರವಾಗುವ ಬದಲಾವಣೆಗಳಿದ್ದವು. 681ನೇ ಸ್ಥಾನದ ಬದಲಾವಣೆ ಜೀವಕೋಶದ ಪ್ರವೇಶವನ್ನು ಸಲೀಸು ಮಾಡಿತು. 452ನೇ ಸ್ಥಾನದ್ದು ಕೆಲವು ಪ್ರತಿಕಾಯಗಳ ಹಿಡಿತವನ್ನು ಸಡಿಲಿಸಿತು. ಓಮೈಕ್ರಾನ್‌ನ ಮುಳ್ಳು ಪ್ರೋಟೀನಿನಲ್ಲಂತೂ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲೇ ಪತ್ತೆಯಾಗಿ 2021ರ ಡಿಸೆಂಬರ್ 2ರಂದು ಪ್ರಕಟವಾದವು. ಇಬ್ಬರಲ್ಲಿ ಒಬ್ಬರು ವಿದೇಶಕ್ಕೆ ಹೋಗಿಯೇ ಇರಲಿಲ್ಲ. ತಳಿ ಊರೊಳಗೆ ಆಗಲೇ ಓಡಾಡುತ್ತಿತ್ತು ಎಂಬುದು ಅದರಿಂದ ಗೊತ್ತಾಯಿತು.

ಹೀಗೆ ಪತ್ತೆಹಚ್ಚಲು ಸೋಂಕಿತರ ಮಾದರಿಯಲ್ಲಿರುವ ವೈರಸ್ಸಿನ ಪೂರ್ತಿ ಪಠ್ಯವನ್ನು ಓದಬೇಕು. ಇದಕ್ಕಾಗಿ 2020ರ ಡಿಸೆಂಬರಿನಲ್ಲಿ ‘ಇನ್ಸಾಕಾಗ್’ ಎಂಬ ಪ್ರಯೋಗಾಲಯಗಳ ಒಕ್ಕೂಟ ರೂಪುಗೊಂಡಿತು. ಆರಂಭದ ಹತ್ತು ಪ್ರಯೋಗಾಲಯಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು.

ಸರದಿಯ ಗಣಿತ

2021ರ ಜನವರಿ 16ರಂದು ಲಸಿಕೆ ಶುರುವಾದಾಗ ಮೊದಲ ಸರದಿ ಆರೋಗ್ಯ ಸಿಬ್ಬಂದಿಯದು. ಫೆಬ್ರುವರಿಯಲ್ಲಿ ಪೊಲೀಸರು, ಪೌರಕಾರ್ಮಿಕರಂಥ ಮುಂಚೂಣಿಯವರು. ಮಾರ್ಚ್ 1ರಿಂದ 60 ದಾಟಿದವರು ಮತ್ತು 45 ದಾಟಿದ, ಬೇರೆ ಕಾಯಿಲೆಗಳಿದ್ದವರು. ಏಪ್ರಿಲ್ 1ರಿಂದ 45 ದಾಟಿದ ಎಲ್ಲರೂ, ಮೇ 1ರಿಂದ 18 ದಾಟಿದವರು.

ದುಡಿಯಲು ಹೊರಗೆ ಹೋಗುವವರು, ಸೋಂಕು ಹೊತ್ತು ತರುವವರು ಯುವಕರಲ್ಲವೇ, ಮನೆಯಲ್ಲಿ ಕೂತ ಅಜ್ಜಿಗೇಕೆ ಮೊದಲು ಎಂದು ಬಹಳ ಮಂದಿ ಕೇಳಿದ್ದರು. ಪ್ರಶ್ನೆ ಸರಿಯಾದದ್ದೇ. ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಮಂಗಳೂರು, ಉಡುಪಿ, ಗೋವಾಗಳಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರೆಲ್ಲ ದುಡಿಯುವ ವಯಸ್ಸಿನವರು. ಅವರಿಗೆ ಮೊದಲು ಕೊಟ್ಟರೆ ಹರಡುವಿಕೆ ತಗ್ಗುತ್ತದೆ. ಮುದುಕರಿಗೆ ಮೊದಲು ಕೊಟ್ಟರೆ ಸಾವು ತಗ್ಗುತ್ತದೆ. ಡೋಸ್ ಕಡಿಮೆ ಇದ್ದಾಗ ಎರಡೂ ಒಟ್ಟಿಗೆ ಆಗದು.

ಆಯ್ಕೆಗೆ ವಯಸ್ಸಿನ ಲೆಕ್ಕ ಸಹಾಯ ಮಾಡುತ್ತದೆ. ಲಸಿಕೆ ಬರುವ ಮೊದಲು, 2020ರಲ್ಲಿ, ಹಲವು ದೇಶಗಳ ಮಾಹಿತಿ ಕೂಡಿಸಿ ಮಾಡಿದ ವಿಶ್ಲೇಷಣೆಯ ಪ್ರಕಾರ 25ರ ವಯಸ್ಸಿನ 10,000 ಸೋಂಕಿತರಲ್ಲಿ ಸಾಯುವವರು ಸುಮಾರು ಒಬ್ಬರು. 65ರ ವಯಸ್ಸಿನಲ್ಲಿ ಅದೇ 10,000 ಮಂದಿಗೆ 140 ಸಾವು. 75ರಲ್ಲಿ 460. ಅಜ್ಜಿಗೆ ಕೊಟ್ಟ ಒಂದು ಡೋಸ್ ಮೊಮ್ಮಗನಿಗೆ ಕೊಟ್ಟದ್ದಕ್ಕಿಂತ ನೂರಾರು ಪಟ್ಟು ಹೆಚ್ಚು ಜೀವ ಉಳಿಸಬಲ್ಲದು. ಇಷ್ಟು ಕಡಿದಾದ ಏರು ಇರುವ ರೋಗದಲ್ಲಿ, ಯುವಕರಿಗೆ ಮೊದಲು ಕೊಡುವ ವಾದ ಗೆಲ್ಲಬೇಕಾದರೆ ಲಸಿಕೆ ಹರಡುವಿಕೆಯನ್ನು ಬಹುತೇಕ ಪೂರ್ತಿಯಾಗಿ ತಡೆಯಬೇಕು.

ಡೆಲ್ಟಾ ಆ ಭರವಸೆಯನ್ನೇ ಕಿತ್ತುಕೊಂಡಿತು. ಸೋಂಕಿತರೊಬ್ಬರಿಂದ ಸರಾಸರಿ ಮೂವರಿಗೆ ಹರಡುವ ವೈರಸ್ಸನ್ನು ಹಿಮ್ಮೆಟ್ಟಿಸಲು ಮೂರರಲ್ಲಿ ಇಬ್ಬರು, ಅಂದರೆ ಶೇ 67ರಷ್ಟು ಜನ, ನಿರೋಧಕ ಶಕ್ತಿ ಪಡೆದಿದ್ದರೆ ಸಾಕು. ಡೆಲ್ಟಾ ಐದಾರು ಮಂದಿಗೆ ಹರಡಬಲ್ಲದು. ಅದಕ್ಕೆ ಶೇ 80ಕ್ಕಿಂತ ಹೆಚ್ಚು ಬೇಕು. ಆದರೆ ಬ್ರಿಟನ್ನಿನ ಅಧ್ಯಯನದಲ್ಲಿ ನಮ್ಮ ಕೋವಿಶೀಲ್ಡ್‌ನದೇ ಸೂತ್ರದ ಆಸ್ಟ್ರಾಜೆನೆಕಾ ಲಸಿಕೆಯ ಎರಡು ಡೋಸ್ ಡೆಲ್ಟಾದ ಲಕ್ಷಣಸಹಿತ ಸೋಂಕನ್ನು ತಡೆದದ್ದು ಶೇ 67ರಷ್ಟು. ಊರಿನ ಪ್ರತಿಯೊಬ್ಬರಿಗೂ ಲಸಿಕೆ ಹಾಕಿದರೂ 80 ಮುಟ್ಟುವುದಿಲ್ಲ. ಹರಡುವಿಕೆಯನ್ನು ನಿಲ್ಲಿಸುವ ಗುರಿ ಕೈಜಾರಿತು, ದುರ್ಬಲರನ್ನು ಕಾಯುವ ಗುರಿ ಇನ್ನಷ್ಟು ಗಟ್ಟಿಯಾಯಿತು.

ಎರಡು ದಿನ, ಮೂರು ನಿರ್ಧಾರ

2021ರ ಮೇ 13ರಂದು ಕೇಂದ್ರ ಸರ್ಕಾರ ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರವನ್ನು 12–16 ವಾರಗಳಷ್ಟಕ್ಕೆ ಹೆಚ್ಚಿಸಿತು. ಅದಕ್ಕೆ ವೈಜ್ಞಾನಿಕ ಆಧಾರವಿತ್ತು. ಅಂತರ ಹೆಚ್ಚಿದಷ್ಟೂ ಎರಡನೇ ಡೋಸ್ ನಂತರದ ರಕ್ಷಣೆ ಉತ್ತಮ ಎಂದು ಮೊದಲಿನ ಪ್ರಯೋಗಗಳು ತೋರಿಸಿದ್ದವು. ಇರುವ ಡೋಸ್‌ಗಳಲ್ಲಿ ಹೆಚ್ಚು ಜನರಿಗೆ ಮೊದಲ ಸೂಜಿಯೂ ಸಿಗುತ್ತಿತ್ತು.

ಮರುದಿನ, ಮೇ 14ರಂದು, ಬ್ರಿಟನ್ ತದ್ವಿರುದ್ಧ ಹೆಜ್ಜೆಯಿಟ್ಟಿತು. 50 ದಾಟಿದವರು ಮತ್ತು ದುರ್ಬಲರ ಅಂತರವನ್ನು 12ರಿಂದ 8 ವಾರಕ್ಕೆ ಇಳಿಸಿತು. ಕಾರಣ ಡೆಲ್ಟಾ. ಒಂದೇ ಡೋಸ್ ಪಡೆದವರಿಗೆ ಹಿಂದಿನ ಆಲ್ಫಾ ತಳಿಯ ವಿರುದ್ಧ ಶೇ 49ರಷ್ಟು ರಕ್ಷಣೆ ಇದ್ದರೆ, ಡೆಲ್ಟಾ ವಿರುದ್ಧ ಅದು ಶೇ 31ಕ್ಕೆ ಕುಸಿದಿತ್ತು ಎಂಬುದು ಆ ದೇಶದ ಅಧ್ಯಯನದಲ್ಲಿ ಕಂಡುಬಂತು. ಎರಡು ಡೋಸ್ ಆದವರಲ್ಲಿ ಇಳಿಕೆ ಸಣ್ಣದು.

ಅದೇ ಮೇ 14ರಿಂದ ಕರ್ನಾಟಕ 18ರಿಂದ 44ರ ವಯಸ್ಸಿನವರ ಲಸಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅವರಿಗೆಂದು ಇಟ್ಟಿದ್ದ ದಾಸ್ತಾನನ್ನು 45 ದಾಟಿದವರ ಎರಡನೇ ಡೋಸ್‌ಗೆ ತಿರುಗಿಸಿತು. ಎರಡು ವಾರದ ಹಿಂದಷ್ಟೇ ಸರದಿ ಬಂತೆಂದು ಹಿಗ್ಗಿದ್ದ ಯುವಜನರಿಗೆ ಸಿಟ್ಟು ಬಂದದ್ದು ಸಹಜ. ದಾಸ್ತಾನು ಸಾಲದೆಂಬುದೇ ಆ ನಿರ್ಧಾರದ ಹಿಂದಿನ ಒತ್ತಡ. ಆದರೂ ತಳಿಯ ಲೆಕ್ಕ ಗೊತ್ತಾದ ಮೇಲೆ ನೋಡಿದರೆ ಅದು ಸರಿಯಾದ ದಿಕ್ಕಿನ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಅರ್ಧ ರಕ್ಷಣೆಯಲ್ಲಿದ್ದ ಹಿರಿಯರನ್ನು ಪೂರ್ತಿ ರಕ್ಷಣೆಗೆ ತರುವುದು ಡೆಲ್ಟಾ ಕಾಲದ ಮೊದಲ ಕರ್ತವ್ಯವಾಗಿತ್ತು. ಮೇ 22ರಿಂದ 18–44ರ ಗುಂಪಿಗೆ ಲಸಿಕೆ ಮತ್ತೆ ಆರಂಭವಾದಾಗಲೂ ಮೊದಲು ಸಿಕ್ಕಿದ್ದು ಅಂಗವಿಕಲರು, ಚಿತಾಗಾರದ ಕಾರ್ಮಿಕರು, ಶಿಕ್ಷಕರು, ಆಟೊ ಚಾಲಕರು, ಬೀದಿ ವ್ಯಾಪಾರಿಗಳಂಥ ಗುರುತಿಸಿದ ವರ್ಗಗಳಿಗೆ.

ಪಟ್ಟಿಗೆ ಸಿಗದವರು

45 ದಾಟಿದವರಿಗೆ ಆದ್ಯತೆ ಕೊಡಲು ಕೇಂದ್ರ ಸರ್ಕಾರ ಗುರುತಿಸಿದ್ದ 20 ಆರೋಗ್ಯ ಸಮಸ್ಯೆಗಳಲ್ಲಿ ಎಚ್‌ಐವಿ ಕೂಡ ಇತ್ತು. ಬಾಗಲಕೋಟೆ ಜಿಲ್ಲೆಗೆ ಇದು ದೂರದ ವಿಷಯವಲ್ಲ. ಈ ಶತಮಾನದ ಆರಂಭದಲ್ಲಿ ಇಲ್ಲಿ ನಡೆದ ಸಮುದಾಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್‌ಐವಿ ಕಂಡುಬಂದಿತ್ತು. ಆ ನಂತರ ಜಾಗೃತಿ, ಪರೀಕ್ಷೆ ಮತ್ತು ಎಆರ್‌ಟಿ ಚಿಕಿತ್ಸೆ ಸಾವಿರಾರು ಬದುಕುಗಳನ್ನು ಎತ್ತಿ ನಿಲ್ಲಿಸಿವೆ. ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳುವವರ ರೋಗನಿರೋಧಕ ಶಕ್ತಿ ಚೆನ್ನಾಗಿಯೇ ಉಳಿಯುತ್ತದೆ. ಚಿಕಿತ್ಸೆ ಸಿಗದೆ ಆ ಶಕ್ತಿ ಕುಗ್ಗಿದವರ ದೇಹದಲ್ಲಿ ಮಾತ್ರ ಕೊರೊನಾ ವೈರಸ್ ತಿಂಗಳುಗಟ್ಟಲೆ ಉಳಿಯಬಹುದು. ದಕ್ಷಿಣ ಆಫ್ರಿಕಾದ ಒಬ್ಬ ರೋಗಿಯಲ್ಲಿ ಅದು 216 ದಿನ ಉಳಿದು 30ಕ್ಕೂ ಹೆಚ್ಚು ಬದಲಾವಣೆಗಳನ್ನು ಕೂಡಿಸಿಕೊಂಡಿತ್ತು. ಕ್ಯಾನ್ಸರ್ ಚಿಕಿತ್ಸೆ, ಅಂಗಾಂಗ ಕಸಿ ಆದವರಲ್ಲೂ ಹೀಗಾದದ್ದುಂಟು. ಹೊಸ ತಳಿಗಳು ಹುಟ್ಟುವ ದಾರಿಗಳಲ್ಲಿ ಇದೂ ಒಂದು ಎಂದು ವಿಜ್ಞಾನಿಗಳು ಬಲವಾಗಿ ಊಹಿಸುತ್ತಾರೆ. ಅಂದಮೇಲೆ ಇಂಥವರಿಗೆ ಔಷಧಿ, ಲಸಿಕೆ ಮೊದಲು ತಲುಪಿಸುವುದು ಅವರ ಹಕ್ಕು, ಊರಿನ ಕ್ಷೇಮವೂ ಹೌದು. ಆದರೆ ಕಾಯಿಲೆ ಇದ್ದೂ 45 ತುಂಬದ ಮೂವತ್ತರ ಹೆಣ್ಣುಮಗಳಿಗೆ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಗರ್ಭಿಣಿಯರಿಗೆ ಲಸಿಕೆಯ ಅನುಮತಿ ಸಿಕ್ಕಿದ್ದೂ ಡೆಲ್ಟಾದ ಅಬ್ಬರ ಮುಗಿಯುತ್ತ ಬಂದ ಮೇಲೆ, 2021ರ ಜುಲೈ 2ರಂದು.

ಪಟ್ಟಿಯಲ್ಲಿ ಹೆಸರಿದ್ದರೂ ಸೂಜಿ ತಲುಪುವುದು ಇನ್ನೊಂದು ಮಾತು. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ ಹತ್ತು ಡೋಸ್ ಇರುತ್ತಿದ್ದವು. ತೆರೆದ ನಾಲ್ಕು ಗಂಟೆಯೊಳಗೆ ಮುಗಿಯಬೇಕಿತ್ತು. ಹೊಲದ ಕೆಲಸದ ದಿನ ಹಳ್ಳಿಯ ಉಪಕೇಂದ್ರದಲ್ಲಿ ಹತ್ತು ಮಂದಿ ಕೂಡುವುದು ಸುಲಭವಲ್ಲ. ಹಾಸಿಗೆ ಹಿಡಿದವರು ಕೇಂದ್ರಕ್ಕೆ ಬರುವುದಂತೂ ಆಗದ ಮಾತು. ಮನೆಮನೆಗೆ ಹೋಗಿ ಲಸಿಕೆ ಹಾಕುವ ದೇಶವ್ಯಾಪಿ ಅಭಿಯಾನ ಶುರುವಾದದ್ದು 2021ರ ನವೆಂಬರಿನಲ್ಲಿ. ಅತಿ ದುರ್ಬಲರಿಗೆ ಅದು ಮೊದಲ ತಿಂಗಳಲ್ಲೇ ಬೇಕಿತ್ತು.

ಸೌಮ್ಯ ಎಂಬ ಭ್ರಮೆ

ಓಮೈಕ್ರಾನ್ ಶ್ವಾಸನಾಳದಲ್ಲಿ ಬೇಗ ಹೆಚ್ಚುತ್ತದೆ, ಶ್ವಾಸಕೋಶದ ಆಳದಲ್ಲಿ ನಿಧಾನ. ಹಾಗಾಗಿ ಅದು ಡೆಲ್ಟಾದಷ್ಟು ಕ್ರೂರವಲ್ಲ. ಇದನ್ನು ಪ್ರಯೋಗಾಲಯದಲ್ಲಿ ಮೊದಲು ತೋರಿಸಿದವರಲ್ಲಿ ಹಾಂಗ್‌ಕಾಂಗ್ ವಿಜ್ಞಾನಿಗಳಿದ್ದರು. ಆದರೆ 2022ರ ಮಾರ್ಚ್ ಹೊತ್ತಿಗೆ ಅದೇ ಹಾಂಗ್‌ಕಾಂಗ್‌ನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಎನ್ನುವಂಥ ಪ್ರಮಾಣದಲ್ಲಿ ಸಾವು ಸಂಭವಿಸಿತು. ಅಲ್ಲಿ ಲಸಿಕೆಗೆ ಕೊರತೆ ಇರಲಿಲ್ಲ. 80 ದಾಟಿದವರಲ್ಲಿ ಬಹುಪಾಲು ಜನ ಎರಡು ಡೋಸ್ ಪಡೆದಿರಲಿಲ್ಲ, ಅಷ್ಟೇ. ಕರ್ನಾಟಕದ ಜನವರಿ ಅಲೆ ಹಗುರಾಗಿ ಕಳೆದುಹೋಗಲು ತಳಿಯ ಸ್ವಭಾವದ ಜೊತೆಗೆ ನಮ್ಮ ಹಿರಿಯರ ತೋಳಿಗೆ ಬಿದ್ದಿದ್ದ ಸೂಜಿಯೂ ಕಾರಣ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. 2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್ ಕೊಡಲು ಆರಂಭಿಸಿದಾಗ ಆರೋಗ್ಯ ಮತ್ತು ಮುಂಚೂಣಿ ಸಿಬ್ಬಂದಿಯ ಜೊತೆ, ಬೇರೆ ಕಾಯಿಲೆಗಳಿದ್ದ 60 ದಾಟಿದವರನ್ನು ಆರಿಸಿದ್ದೂ ಇದೇ ಲೆಕ್ಕದಿಂದ. 2023ರ ಡಿಸೆಂಬರಿನಲ್ಲಿ ಜೆಎನ್.1 ತಳಿ ಕಾಣಿಸಿಕೊಂಡಾಗ ರಾಜ್ಯ ಸರ್ಕಾರ 60 ದಾಟಿದವರಿಗೆ ಮಾಸ್ಕ್ ಧರಿಸಲು ಸಲಹೆ ನೀಡಿತು. ತಳಿಗಳ ಹೆಸರು ಬದಲಾದರೂ ದುರ್ಬಲರು ಮೊದಲು ಎಂಬ ನಿಯಮ ಬದಲಾಗಿಲ್ಲ.

ಆದರೆ ಮುಂದಿನ ಸಾಂಕ್ರಾಮಿಕ ಹೀಗೆಯೇ ಇರುತ್ತದೆ ಎಂದುಕೊಳ್ಳಬಾರದು. 1918ರ ಇನ್‌ಫ್ಲುಯೆಂಜಾ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು 20ರಿಂದ 40ರ ಹರೆಯದವರನ್ನು. ಅಂಥದ್ದು ಬಂದರೆ ಸರದಿ ತಲೆಕೆಳಗಾಗಬೇಕು. ಗುಳೆ ಹೋಗುವ ಯುವಕರೇ ಮೊದಲ ಸಾಲಿನಲ್ಲಿರಬೇಕು. ಯಾವ ವೈರಸ್ಸಿಗೆ ಯಾರು ದುರ್ಬಲರು ಎಂಬುದನ್ನು ಮೊದಲ ವಾರಗಳ ಮಾಹಿತಿಯೇ ಹೇಳಬೇಕು, ಆ ಮಾಹಿತಿ ಹಳ್ಳಿಯಿಂದ ಬರಬೇಕು. ಆದ್ದರಿಂದ ಸಿದ್ಧತೆಯ ಕೆಲಸ ಈಗಲೇ, ಶಾಂತಿಯ ದಿನಗಳಲ್ಲೇ ಆಗಬೇಕು. ಶಿರೂರಿನಂಥ ಪ್ರತಿ ಊರಿನಲ್ಲೂ ಹಾಸಿಗೆ ಹಿಡಿದವರು, ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ತೊಂದರೆ ಇದ್ದವರು, ಗರ್ಭಿಣಿಯರು, ದುಡಿಯಲು ಪರಊರಿಗೆ ಹೋದವರು ಯಾರು ಎಂಬುದು ಆಶಾ ಕಾರ್ಯಕರ್ತೆಯರಿಗೆ ಗೊತ್ತು. ಅವರಿಗೆ ಗೊತ್ತಿರುವುದನ್ನು ಜನರ ಖಾಸಗಿತನ ಕಾಪಾಡಿ ದಾಖಲಿಸಿ, ವರ್ಷಕ್ಕೊಮ್ಮೆ ತಿದ್ದಿ, ಜಿಲ್ಲಾ ಆಸ್ಪತ್ರೆಯ ರೋಗ ಕಣ್ಗಾವಲಿಗೆ ಜೋಡಿಸಬೇಕು. ಆ ಕೆಲಸಕ್ಕೆ ಅವರಿಗೆ ತಕ್ಕ ಗೌರವಧನ ಕೊಡಬೇಕು. ಹೊಸ ತಳಿಯ ಸುದ್ದಿ ಪ್ರಯೋಗಾಲಯದಿಂದ ಬಂದ ದಿನವೇ ಯಾರ ಮನೆಯ ಬಾಗಿಲಿಗೆ ಮೊದಲು ಹೋಗಬೇಕೆಂದು ಊರಿಗೆ ತಿಳಿದಿದ್ದರೆ, ಲಸಿಕೆಯ ಪ್ರತಿ ಡೋಸ್ ಹೆಚ್ಚು ಜೀವ ಉಳಿಸುತ್ತದೆ.