ಕೌಚ್ ಟು 5ಕೆ

ಕೌಚ್ ಟು 5ಕೆ ಎಂಬುದು ಓಟದ ಅಭ್ಯಾಸವಿಲ್ಲದವರನ್ನು ಒಂಬತ್ತು ವಾರಗಳಲ್ಲಿ 5 ಕಿ.ಮೀ. ಅಥವಾ 30 ನಿಮಿಷಗಳ ನಿರಂತರ ಓಟಕ್ಕೆ ಸಿದ್ಧಗೊಳಿಸುವ ತರಬೇತಿ ಕ್ರಮ. ಅಮೆರಿಕದ ಜಾಶ್ ಕ್ಲಾರ್ಕ್ ಇದನ್ನು 1996ರಲ್ಲಿ ರೂಪಿಸಿದರು. ಕೌಚ್ ಎಂದರೆ ಸೋಫಾ. ಕುಳಿತೇ ಕಾಲ ಕಳೆಯುವವರನ್ನು ಹೆಸರು ಸೂಚಿಸುತ್ತದೆ.

ಅಭ್ಯಾಸ ವಾರಕ್ಕೆ ಮೂರು ದಿನ ಮಾತ್ರ. ಮೊದಲ ವಾರ ಐದು ನಿಮಿಷಗಳ ಬಿರುಸು ನಡಿಗೆಯ ನಂತರ 60 ಸೆಕೆಂಡು ನಿಧಾನ ಓಟ, 90 ಸೆಕೆಂಡು ನಡಿಗೆ ಎಂಬಂತೆ 20 ನಿಮಿಷ ಮುಂದುವರಿಸಲಾಗುತ್ತದೆ. ಐದನೆಯ ವಾರದ ಕೊನೆಯ ದಿನ ಬಿಡುವಿಲ್ಲದೆ 20 ನಿಮಿಷ ಓಡಬೇಕು. ಹಿಂದಿನ ಅಭ್ಯಾಸದಲ್ಲಿ ನಡುವೆ ನಡೆದು, ಎಂಟು ನಿಮಿಷಗಳಂತೆ ಎರಡು ಬಾರಿಯಷ್ಟೇ ಓಡಿದವರಿಗೆ ಇದು ದೊಡ್ಡ ಜಿಗಿತವೇ ಸರಿ. ಕಷ್ಟವೆನಿಸಿದ ವಾರವನ್ನು ಪುನರಾವರ್ತಿಸಬಹುದು.

ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಶ್ರಮಕ್ಕೆ ಒಗ್ಗಿಕೊಂಡರೂ ಮೂಳೆ ಹಾಗೂ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉತ್ಸಾಹದಿಂದ ದಿನವೂ ಓಡಿದ ಆರಂಭಿಕರು ಕಾಲುನೋವಿನಿಂದ ಅಭ್ಯಾಸ ಬಿಡುವುದಕ್ಕೆ ಇದೂ ಒಂದು ಕಾರಣ. ಮಾತನಾಡುತ್ತ ಓಡಬಲ್ಲಷ್ಟು ನಿಧಾನಗತಿಯೇ ಸೂಕ್ತ.

ಓಟದಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ, ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲರಿ ವ್ಯಯವಾಗುತ್ತದೆ. 70 ಕೆ.ಜಿ. ತೂಕದವರು 5 ಕಿ.ಮೀ. ಓಡಿದರೆ ವ್ಯಯವಾಗುವುದು ಸುಮಾರು 350 ಕಿಲೋಕ್ಯಾಲರಿ ಮಾತ್ರ. ಆದ್ದರಿಂದ ಆಹಾರಕ್ರಮ ಬದಲಾಗದಿದ್ದರೆ ತೂಕ ನಿಧಾನವಾಗಿ ಇಳಿಯುತ್ತದೆ ಅಥವಾ ಇಳಿಯುವುದೇ ಇಲ್ಲ; ಹೃದಯದ ಸಾಮರ್ಥ್ಯ ಮಾತ್ರ ಅದಕ್ಕೂ ಮುನ್ನವೇ ಸುಧಾರಿಸತೊಡಗುತ್ತದೆ.